ಹೊಸ ಮನಿ ಕಟ್ಟಸಾಕತ್ತೀರಿ? ಎನರ್ಜಿ ಕೋಡ್ ಬರೂದ್ರಾಗ ರೊಕ್ಕ ಎಲ್ಲಿ ಹಾಕೂದು: ಸ್ಲ್ಯಾಬಿಗೋ, ಗ್ವಾಡಿಗೋ, ಸೋಲಾರಿಗೋ?

ಲೋನ್ ಸ್ಯಾಂಕ್ಷನ್ ಆಗಿ, ಇನ್ನೇನು ಪಾಯಾ ತಗಸಬೇಕು ಅನ್ನೋರು ಈಗೀಗ ಒಂದ ಪ್ರಶ್ನಿ ಕೇಳಾಕತ್ತಾರ. "ಮನಿಗಳಿಗೂ ಎನರ್ಜಿ ಕೋಡ್ (ಕರೆಂಟ್ ಉಳಿಯೂವಂಗ ಕಟ್ಟೂ ನಿಯಮ) ಬರತೈತಂತಲ್ಲ, ಹಂಗಾರ ಈಗ ಎಎಸಿ ಬ್ಲಾಕ್ (ಹಗೂರ ಇರೂ ಸಿಮೆಂಟ್ ಬ್ಲಾಕ್) ಹಾಕಸೂದೋ ಇಟ್ಟಂಗಿನ ಸಾಕೋ, ಸೋಲಾರ್ ಈಗ ಕೂಡ್ರಸೂದೋ ಆಮ್ಯಾಲೋ, ಇಲ್ಲಾ ಏನೂ ಮಾಡದ ಎಲ್ಲಾರಂಗ ಕಟ್ಟಿಸಿಬಿಟ್ರ ನಡೀತೈತೋ?" ವಿಜಯಪುರದಾಗ 30×40 ಸೈಟಿನವರು ಕೇಳ್ತಾರ, ಬಾಗಲಕೋಟಿ ನವನಗರದಾಗ ಮ್ಯಾಲ ಒಂದು ಮಹಡಿ ಏರಸೋರು ಕೇಳ್ತಾರ, ಬೆಳಗಾವಿಯೊಳಗ ಫ್ಲ್ಯಾಟ್ ನೋಡಾಕತ್ತೋರೂ ಕೇಳ್ತಾರ. ಮೂರೂ ಮಂದಿಗೆ ಒಂದ ಉತ್ತರ ಇಲ್ಲ, ಅದಕ್ಕ ಇಷ್ಟುದ್ದ ಬರಿಬೇಕಾತು.

ಮೊದಲ ಕಾಯ್ದೆ ಎಲ್ಲಿಗೆ ಬಂದೈತಿ ನೋಡೂಣು, ಯಾಕಂದ್ರ ಅರ್ಧ ಮಂದಿಗೆ ಇಲ್ಲದ ಹೆದರಿಕಿ ಐತಿ, ಉಳಿದ ಅರ್ಧಕ್ಕ ಇರಬೇಕಾದ ಹೆದರಿಕೀನ ಇಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆಗೆ 2022ರಾಗ ತಿದ್ದುಪಡಿ ಆತು, 2023ರ ಜನವರಿ 1ರಿಂದ ಜಾರಿಗೆ ಬಂತು. ಮೊದಲ ಆಫೀಸು, ಮಾಲು, ಹೋಟೆಲ್‌ನಂಥ ಕಮರ್ಷಿಯಲ್ ಕಟ್ಟಡಕ್ಕಷ್ಟ ಇದ್ದ ಕೋಡು ಆ ತಿದ್ದುಪಡಿಯಿಂದ ವಾಸದ ಕಟ್ಟಡಕ್ಕೂ ಹಬ್ಬಿತು. ಆದ್ರ ಕಾಯ್ದೆ ಒಳಗಿನ ಮಿತಿ 100 ಕಿಲೋವ್ಯಾಟ್ ಕನೆಕ್ಟೆಡ್ ಲೋಡ್, ಅಂದ್ರ ಕಟ್ಟಡದಾಗಿನ ಎಲ್ಲಾ ಕರೆಂಟ್ ಸಾಮಾನಿನ ಒಟ್ಟು ಲೋಡು. ನಮ್ಮ ನಿಮ್ಮ ಮನಿ ಲೋಡು ಮೂರೋ ಐದೋ ಕಿಲೋವ್ಯಾಟು. ಅಂದ್ರ ಸದ್ಯಕ್ಕ ಇದು ದೊಡ್ಡ ಅಪಾರ್ಟ್‌ಮೆಂಟಿನವರ ತಲಿಬ್ಯಾನಿ. ಆದ್ರ ಇಲ್ಲೇ ಒಂದು ಕೊಕ್ಕಿ ಐತ್ರಿ: ರಾಜ್ಯ ಸರ್ಕಾರ ಆ ಮಿತಿ ಇಳಸಬಹುದು, ತನ್ನ ಹವಾಮಾನಕ್ಕ ತಕ್ಕಂಗ ಕೋಡ್ ತಿದ್ದಿಕೊಳ್ಳಬಹುದು, ಅದನ್ನ ಬೈಲಾದಾಗ ಸೇರಿಸಿ ಪಾಲಿಕಿ, ನಗರಸಭೆಯಿಂದ ಪರ್ಮಿಷನ್ ಹೊತ್ತಿನ್ಯಾಗ ಕೇಳಸಬಹುದು.

ಮನಿಗಳಿಗಂತನ ಬಿಇಇಯವರು (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ) 2018ರ ಡಿಸೆಂಬರ್‌ದಾಗ 'ಇಕೋ ನಿವಾಸ್ ಸಂಹಿತಾ' ತಂದ್ರು. ಆಗ ಅದು 500 ಚದರ ಮೀಟರ್ ಮತ್ತ ಅದಕ್ಕಿಂತ ದೊಡ್ಡ ಪ್ಲಾಟಿಗೆ ಅಂತಿತ್ತು. 30×40 ಸೈಟ್ ಅಂದ್ರ ಸುಮಾರು 111 ಚದರ ಮೀಟರು, 40×60 ಇದ್ರೂ 223ರ ಆಸುಪಾಸು. ಪಕ್ಕದ ತೆಲಂಗಾಣದವರು 2023ರಾಗ ಕೂಲ್ ರೂಫ್ ಪಾಲಿಸಿ (ಛತ್ತು ಬಿಸಲು ಹೀರಲಾರದಂಗ ಮಾಡೂ ನೀತಿ) ತಂದು 600 ಚದರ ಗಜ ಮತ್ತ ಮ್ಯಾಲಿನ ವಾಸದ ಪ್ಲಾಟಿಗೆ ಕಡ್ಡಾಯ ಅಂದ್ರು. ಲೆಕ್ಕ ಹಾಕಿದ್ರ ಎರಡೂ 5,400 ಚದರ ಅಡಿ ಹತ್ತಿರನ ಬಂದು ನಿಲ್ಲತಾವ. ಇಂಥಾ ಮಿತಿ ಇಳಿಯೂದು ಸಹಜ, ಏರೂದು ಅಪರೂಪ, ಇದು ನನ್ನ ಅಂದಾಜು. ನೀವು ಇವತ್ತ ಕಟ್ಟಸೋ ಮನಿ ನಲವತ್ತು ಐವತ್ತು ವರ್ಷ ನಿಲ್ಲತೈತಿ ಅನ್ನೂದನ್ನ ಇದರ ಜೋಡಿ ಇಟ್ಟು ನೋಡ್ರಿ.

ಸಣ್ಣ ಮನಿಗೂ ಈಗಾಗಲೇ ತಟ್ಟೋದು ಅಂದ್ರ ಸೋಲಾರ್ ವಾಟರ್ ಹೀಟರು. 2007ರಾಗನ ರಾಜ್ಯ ಸರ್ಕಾರ ಆದೇಶ ಮಾಡೇತಿ. ನಿಮ್ಮ ಸೈಟ್ ಅಳತಿಗೆ ಅನ್ವಯ ಆಗ್ತೈತೋ ಇಲ್ಲೋ ಅನ್ನೂದನ್ನ ಹೆಸ್ಕಾಂ ಸೆಕ್ಷನ್ ಆಫೀಸಿನ್ಯಾಗ ಮೊದಲ ಕೇಳ್ಕೋರಿ, ಗೃಹಪ್ರವೇಶದ ಹಿಂದಿನ ವಾರ ಮೀಟರಿನ ಸಲುವಾಗಿ ಓಡಾಡೂದು ಬ್ಯಾಡ.

ಈಗ ಅಳಿಯೂದು ಯಾವ ಮಾಪಿನ್ಯಾಗ? ನಾ ಎಲ್ಲಾದಕ್ಕಿಂತ ಮೊದಲ ಕೇಳೂದು, ಈ ಕೆಲಸ ಆಮ್ಯಾಲ ಮಾಡಾಕ ಬರತೈತೋ ಇಲ್ಲೋ. ಗ್ವಾಡಿ ಒಡದು ಮತ್ತ ಕಟ್ಟಾಕ ಆಗಂಗಿಲ್ಲ, ಕಿಡಕಿ ದಿಕ್ಕು ಬದಲಿಸಾಕ ಆಗಂಗಿಲ್ಲ, ಫ್ಯಾನ್ ಮಾತ್ರ ನಾಳೆ ಬೆಳಿಗ್ಗೆನೂ ಬದಲಿಸಬಹುದು. ಎರಡನೇದು, ಮೇ ತಿಂಗಳ ರಾತ್ರಿ ಹನ್ನೊಂದಕ್ಕ ಬೆಡ್‌ರೂಮ್ ಹೆಂಗಿರತೈತಿ. ಮಧ್ಯಾಹ್ನದ್ದು ಬಿಡ್ರಿ, ಮಧ್ಯಾಹ್ನ ಎಲ್ಲಾರ ಮನೀನೂ ಬಿಸಿನ. ಮೂರನೇದು ಬಿಲ್ಲಿನ್ಯಾಗ ಖರೇನ ಎಷ್ಟು ಉಳೀತೈತಿ, ಗೃಹಜ್ಯೋತಿ ಕಳದು. ಆಮ್ಯಾಲ ನಮ್ಮ ಊರ ಗೌಂಡಿ ಕೈಲೆ ಆ ಕೆಲಸ ಆಗ್ತೈತೋ ಇಲ್ಲೋ, ಪ್ಯಾಟ್ಯಾಗ ಸಾಮಾನು ಸಿಗತೈತೋ ಇಲ್ಲೋ. ಇವೆಲ್ಲಾ ದಾಟಿದ್ ಮ್ಯಾಲ ಇಎಂಐ.

ಈ ಮಾಪು ಹಿಡದು ಒಂದೊಂದ ನೋಡೂಣು.

ಒಂದನೇ ದಾರಿ: ಕಾಯ್ದೆ ಕೇಳಿದಷ್ಟ ಮಾಡೂದು

ಸೋಲಾರ್ ವಾಟರ್ ಹೀಟರ್ ಕೂಡ್ರಿಸಿ, ಉಳಿದದ್ದು ಎಲ್ಲಾರಂಗ: ಆರು ಇಂಚ್ ಸಿಮೆಂಟ್ ಬ್ಲಾಕು, ಬರೇ ಸ್ಲ್ಯಾಬು, ಮುಂದ ಎಲಿವೇಶನ್‌ಗೆ ಒಂದಿಷ್ಟು ಗ್ಲಾಸು. ಕಟ್ಟೂ ಹೊತ್ತಿನ್ಯಾಗ ಇದರಷ್ಟು ಸೋವಿ ಯಾವದೂ ಇಲ್ಲ. ಬಾಡಿಗಿಗಂತ ಕಟ್ಟಸೋರು ಬಹುತೇಕ ಇದನ್ನ ಆರಸ್ತಾರ, ಯಾಕಂದ್ರ ಕರೆಂಟ್ ಬಿಲ್ಲು ಬಾಡಿಗಿದಾರಂದು, ಧಗಿನೂ ಬಾಡಿಗಿದಾರಂದು!

ಹೀಟರ್ ವಿಷಯದಾಗ ಒಂದು ಮಾತು. 100 ಲೀಟರ್ ನೀರು 30 ಡಿಗ್ರಿ ಏರಸಾಕ ಮೂರೂವರಿ ಯೂನಿಟ್ ಕರೆಂಟ್ ಬೇಕು, ಅಷ್ಟನ್ನ ಬಿಸಲ ಪುಕ್ಕಟ ಕೊಡತೈತಿ. ನಾಲ್ಕು ಮಂದಿ ಮನಿಗೆ 100 ಲೀಟರಿಂದು ಸಾಕು, 200ರದ್ದು ತಗೊಂಡು ಅರ್ಧ ನೀರು ಬಳಸದ ಬಿಟ್ರ ಲಾಭ ಇಲ್ಲ. ಬೋರಿನ ನೀರು ಗಡಸು ಇದ್ದಲ್ಲಿ, ಅಂದ್ರ ಬಕೆಟ್ಟಿಗೆ ಬೆಳ್ಳಗ ಉಪ್ಪು ಹಿಡಿಯೂ ಊರಾಗ, ಫ್ಲ್ಯಾಟ್ ಪ್ಲೇಟ್ ಕಲೆಕ್ಟರಿನ ಸಣ್ಣ ತಾಮ್ರದ ಪೈಪು ಲಗೂನ ಕಟ್ಟತಾವ, ಗಾಜಿನ ಟ್ಯೂಬಿಂದು ತಗೊಂಡ್ರ ಬಿಚ್ಚಿ ತೊಳಿಯೂದು ಹಗೂರ. ಟ್ಯಾಂಕಿನಿಂದ ಬಚ್ಚಲಕ್ಕ ಪೈಪ್ ಉದ್ದ ಆದಷ್ಟೂ ಬಿಸಿ ನೀರು ಬರೂತನಾ ತಣ್ಣೀರು ಚೆಲ್ಲಬೇಕು, ಅದಕ್ಕ ಎರಡೂ ಬಚ್ಚಲ ಒಂದರ ಮ್ಯಾಲ ಒಂದು ಬರೂವಂಗ ಪ್ಲ್ಯಾನ್‌ದಾಗನ ಹಾಕಸ್ರಿ.

ಈ ದಾರಿ ಸೋಲೂದು ಎರಡನೇ ಮಾಪಿನ್ಯಾಗ. ಹಗಲೆಲ್ಲಾ ಬಿಸಲ ಕುಡದ ಸ್ಲ್ಯಾಬು ಕೂಡಲೇ ಆರಂಗಿಲ್ಲ, ಒಲಿ ಆರಿಸಿದ ಮ್ಯಾಲೂ ರೊಟ್ಟಿ ಹಂಚು ಕಾದಿರತೈತಲ್ಲ ಹಂಗ. ವಿಜಯಪುರ, ಬಾಗಲಕೋಟಿ ಕಡೆ ಬ್ಯಾಸಗ್ಯಾಗ 40 ಡಿಗ್ರಿ ದಾಟೂದು ಹೊಸದಲ್ಲ, ಮ್ಯಾಲಿನ ಮಹಡಿಯೊಳಗ ಮಲಗೋರು ಫ್ಯಾನಿನ ಕೆಳಗ ಬಿಸಿ ಗಾಳಿನ ಉಣ್ಣಬೇಕು. ಎರಡು ಬ್ಯಾಸಗಿ ತಡಕೊಂಡು ಮೂರನೇದಕ್ಕ ಎಸಿ ತರ್ತಾರ, ಅಲ್ಲಿಗೆ ಉಳಿಸಿದ ರೊಕ್ಕ ಹೋತು.

ಎರಡನೇ ದಾರಿ: ಸ್ಲ್ಯಾಬು, ಕಿಡಕಿ, ನೆರಳು

ನಾ ಬಹಳಷ್ಟು ಮಂದಿಗೆ ಹೇಳೂದು ಇದನ್ನ. ಒಂದ ಮಹಡಿ ಮನಿಗೆ ಬ್ಯಾಸಗ್ಯಾಗ ಎಲ್ಲಾಕ್ಕಿಂತ ಹೆಚ್ಚು ಬಿಸಲ ಬಡಿಯೂದು ಮ್ಯಾಲಿಂದ. ಸಂಹಿತಾದಾಗ ಛತ್ತಿನ ಯು-ವ್ಯಾಲ್ಯೂ 1.2ಕ್ಕಿಂತ ಹೆಚ್ಚಾಗಬಾರದು ಅಂತೈತಿ. ಯು-ವ್ಯಾಲ್ಯೂ ಅಂದ್ರ ಹೊರಗೂ ಒಳಗೂ ಒಂದು ಡಿಗ್ರಿ ಫರಕ್ ಇದ್ದಾಗ ಒಂದು ಚದರ ಮೀಟರಿನ ಮುಖಾಂತರ ಎಷ್ಟು ವ್ಯಾಟ್ ಶಾಖ ದಾಟತೈತಿ ಅನ್ನೂ ಲೆಕ್ಕ, ಕಡಿಮಿ ಇದ್ದಷ್ಟೂ ಚಲೋ. ಬರೇ ಕಾಂಕ್ರೀಟ್ ಸ್ಲ್ಯಾಬಿಂದು ಮೂರೂವರಿ ಆಸುಪಾಸು ಬರತೈತಿ. ಅಂದ್ರ ಕೋಡ್ ಬಿಡು ಅನ್ನೂದಕ್ಕಿಂತ ಮೂರು ಪಟ್ಟು ಹತ್ತಿರ ಶಾಖ ನಾವು ಒಳಗ ಬಿಟ್ಕೊಳ್ಳಾಕತ್ತೀವಿ.

ಹಳೇ ಮಣ್ಣಿನ ಮಾಳಗಿ ಮನಿಯೊಳಗ ಬೆಳದೋರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ. ಕಟ್ಟಿಗಿ ತೊಲಿ, ಜಂತಿ, ಮ್ಯಾಲ ಗೇಣುಗಟ್ಟಲೆ ಮಣ್ಣು, ನಡುವ ಬೆಳಕಿಂಡಿ. ಮಧ್ಯಾಹ್ನ ಎರಡಕ್ಕ ಒಳಗ ಹೊಕ್ರ ನಿದ್ದಿ ಬರತಿತ್ತು. ಮತ್ತ ಅದನ್ನ ಕಟ್ಟಸ್ರಿ ಅನ್ನಾಕತ್ತಿಲ್ಲ, ಪ್ರತಿ ಮಳಿಗಾಲಕ್ಕ ಮಣ್ಣು ಹಾಕೋರ್ಯಾರು?

ಈಗಿನ ಸ್ಲ್ಯಾಬಿಗೆ ಮೂರು ಮೆಟ್ಟಲ ಅವ. ಎಲ್ಲಾದಕ್ಕಿಂತ ಸೋವಿ ಅಂದ್ರ ಬಿಳಿ ಬಣ್ಣ: ಸುಣ್ಣ ಆಗಲಿ, ಕೂಲ್ ರೂಫ್ ಪೇಂಟ್ ಆಗಲಿ. ಕೆಲವು ಸಾವಿರದಾಗ ಮುಗೀತೈತಿ, ಬಿಸಲನ್ನ ವಾಪಸ್ ಹೊಡೀತೈತಿ. ಆದ್ರ ನಮ್ಮ ಕಡಿ ಧೂಳು ನೋಡೀರಲ್ಲ, ದೀಪಾವಳಿಗೆ ಬಳದದ್ದು ಯುಗಾದಿಗೆ ಮಣ್ಣ ಬಣ್ಣ ಆಗಿರತೈತಿ, ಫೆಬ್ರುವರಿ ಕೊನಿಗೆ ತೊಳದು ಮತ್ತ ಬಳೀಬೇಕು. ಎರಡನೇದು ಬಿಳಿ ಟೈಲ್ಸ್ ಇಲ್ಲಾ ಚೈನಾ ಮೊಸಾಯಿಕ್, ಹತ್ತಾರು ಸಾವಿರ, ತೊಳದ್ರ ಮತ್ತ ಬೆಳ್ಳಗ, ವರ್ಷಾ ಬಳಿಯೂ ಕೆಲಸ ಇಲ್ಲ. ಇವೆರಡೂ ಬಿಸಲು ತಡೀತಾವ, ಯು-ವ್ಯಾಲ್ಯೂ ಇಳಸಂಗಿಲ್ಲ. ಮೂರನೇದು ಸ್ಲ್ಯಾಬಿನ ಮ್ಯಾಲ ವಾಟರ್‌ಪ್ರೂಫಿಂಗ್, ಅದರ ಮ್ಯಾಲ ಎರಡು ಇಂಚಿನ ಎಕ್ಸ್‌ಪಿಎಸ್ ಅನ್ನೂ ಶಾಖ ತಡಿಯೂ ಫೋಮ್ ಶೀಟ್, ಅದರ ಮ್ಯಾಲ ಸ್ಕ್ರೀಡ್ (ತೆಳು ಕಾಂಕ್ರೀಟ್ ಪದರ) ಮತ್ತ ಬಿಳಿ ಟೈಲ್ಸು. ಇದು ಮಾಡಸಿದ್ರ 1.2ರ ಒಳಗ ಆರಾಮ ಬರತೈತಿ. 800 ಚದರ ಅಡಿ ಮಾಳಗಿಗೆ ಲಕ್ಷದ ಆಸುಪಾಸು ಹೋಗಬಹುದು, ಕೊಟೇಶನ್ ಎರಡ್ಮೂರು ಕಡಿ ತಗೋರಿ. ಶೀಟ್ ಸ್ಲ್ಯಾಬಿನ ಮ್ಯಾಲನ ಬರಬೇಕು, ಕೆಳಗ ಹಚ್ಚಿದ್ರ ಸ್ಲ್ಯಾಬ್ ಕಾಯೂದಂತೂ ತಪ್ಪಂಗಿಲ್ಲ.

ಇನ್ನ ಪಿಒಪಿ ಫಾಲ್ಸ್ ಸೀಲಿಂಗ್. "ಸಾವಕಾರ್ರ, ಪಿಒಪಿ ಮಾಡಸ್ರಿ, ಮನಿ ಥಂಡ್ ಇರತೈತಿ" ಅಂತ ಗೌಂಡಿನೂ ಹೇಳ್ತಾನ, ಲೈಟಿನವನೂ ಹೇಳ್ತಾನ. ಒಂದಿಷ್ಟು ಫರಕ್ ಆಗ್ತೈತಿ, ಸುಳ್ಳಲ್ಲ, ಆದ್ರ ಅಷ್ಟ ರೊಕ್ಕ ಸ್ಲ್ಯಾಬಿನ ಮ್ಯಾಲ ಹಾಕಿದ್ರ ಸಿಗೂ ಫಾಯದೆದ ಮುಂದ ಅದು ಏನೂ ಅಲ್ಲ. ಚಂದಕ್ಕ ಮಾಡಸೂದಿದ್ರ ಮಾಡಸ್ರಿ, ಥಂಡಿಗಂತ ಬ್ಯಾಡ.

ಕಿಡಕಿ ವಿಷಯಕ್ಕ ಬರೂಣು, ಇಲ್ಲಿ ರೊಕ್ಕಕ್ಕಿಂತ ವಿಚಾರ ಹೆಚ್ಚು ಬೇಕು. ಸಂಹಿತಾದಾಗ ಬಿಸಿ-ಒಣ ಹವಾದ ಊರಿಗೆ, ತೆರಿಯಾಕ ಬರೂ ಕಿಡಕಿ-ಬಾಗಿಲದ ಜಾಗಾ ನೆಲದ 10 ಪರ್ಸೆಂಟ್ ಇರಬೇಕು ಅಂತೈತಿ. ಈಗ 10×12 ರೂಮ್ ತಗೋರಿ, 120 ಚದರ ಅಡಿ, ಬೇಕಾದ್ದು 12. ನಾಲ್ಕಡಿ-ನಾಲ್ಕಡಿ ಯುಪಿವಿಸಿ ಸ್ಲೈಡಿಂಗ್ ಕಿಡಕಿ ಹಚ್ಚಿದ್ರಿ, ನೋಡಾಕ 16 ಅಡಿ, ಆದ್ರ ಸ್ಲೈಡಿಂಗ್‌ದಾಗ ಒಂದು ಸರಿಸಿದ್ರ ಇನ್ನೊಂದು ಮುಚ್ಚೇ ಇರತೈತಿ, ಗಾಳಿಗೆ ಸಿಕ್ಕದ್ದು ಎಂಟ ಅಡಿ. ಅದ ಅಳತಿಯೊಳಗ ಹೊರಗ ತೆರಿಯೂ ಪಲ್ಲೆದ ಕಿಡಕಿ ಹಚ್ಚಿದ್ರ ಪೂರಾ 16 ಸಿಗತೈತಿ. ಸಂಜಿಕೆ ತಂಗಾಳಿ ಬೀಸೂ ನಮ್ಮಂಥಾ ಬಯಲು ಸೀಮಿಯೊಳಗ ಈ ಎಂಟು ಅಡಿ ಫರಕ್ ರಾತ್ರಿ ನಿದ್ದಿಗೆ ಬಂದು ನಿಲ್ಲತೈತಿ. ಒಂದ ಕಿಡಕಿ ಸಾಲಂಗಿಲ್ಲ, ಎದುರು ಬದುರು ಇರಬೇಕು, ಗಾಳಿ ಹೊಕ್ಕದ್ದು ಹೊರಗ ಹೋಗಾಕ ದಾರಿ ಬೇಕಲ್ರಿ.

ಪಡುವಣ ಗ್ವಾಡಿ ಕಡೆ ಜಿನ್ನಿ (ಮೆಟ್ಟಲ), ಬಚ್ಚಲ, ದೇವರ ಸಾಮಾನಿನ ಕೋಣಿ ಬರಲಿ, ಬೆಡ್‌ರೂಮ್ ಬ್ಯಾಡ. ವಾಸ್ತು ನೋಡೋರು ನೈರುತ್ಯಕ್ಕ ಮಾಸ್ಟರ್ ಬೆಡ್‌ರೂಮ್ ಅಂತ ಹಟಾ ಹಿಡಿತಾರ, ಅವರ ಜೋಡಿ ಜಗಳಾ ಮಾಡೂ ಬದಲಿ ಆ ರೂಮಿನ ಪಡುವಣ ಕಿಡಕಿ ಸಣ್ಣದು ಮಾಡಿ, ತೆಂಕಣ ಕಿಡಕಿ ದೊಡ್ಡದು ಮಾಡಸ್ರಿ, ಎರಡಡಿ ಛಜ್ಜಾ ಬಿಡಸ್ರಿ. ಛಜ್ಜಾ ಈಗ ಫ್ಯಾಶನ್ ಅಲ್ಲಂತ, ಎಲಿವೇಶನ್ ಕೆಡತೈತಂತ! ಪಡುವಣಕ್ಕ ಸೂರ್ಯ ಕೆಳಗ ಇಳದಿರ್ತಾನ, ಅಲ್ಲಿ ಛಜ್ಜಾದಿಂದ ಪೂರಾ ಆಗಂಗಿಲ್ಲ, ಹೊರಗ ಜಾಳಿ ಇಲ್ಲಾ ಒಂದು ಬೇವಿನ ಗಿಡ ಬೇಕು.

ಮೂರನೇ ದಾರಿ: ಗ್ವಾಡಿ ಬದಲಿಸೂದು

ಸಂಹಿತಾದಾಗ ಗ್ವಾಡಿ, ಕಿಡಕಿ ಮುಖಾಂತರ ಒಳಗ ಬರೂ ಶಾಖಕ್ಕ ಆರ್‌ಇಟಿವಿ ಅನ್ನೂ ಒಂದು ಮಿತಿ ಐತಿ, ಚದರ ಮೀಟರಿಗೆ 15 ವ್ಯಾಟ್. ಇದನ್ನ ಮುಟ್ಟಾಕ ಗ್ವಾಡಿ ಸಾಮಾನು ಭಾಳ ಮುಖ್ಯ ಆಗ್ತೈತಿ. ಗಿಲಾವ್ ಮಾಡಿದ ಒಂಬತ್ತು ಇಂಚ್ ಇಟ್ಟಂಗಿ ಗ್ವಾಡಿ ಯು-ವ್ಯಾಲ್ಯೂ ಎರಡರ ಆಸುಪಾಸು, ಎಂಟು ಇಂಚ್ ಎಎಸಿ ಬ್ಲಾಕಿಂದು ಒಂದರೊಳಗ. ಸಾಲಿಡ್ ಸಿಮೆಂಟ್ ಬ್ಲಾಕು ಇಟ್ಟಂಗಿಗಿಂತನೂ ಹೆಚ್ಚು ಶಾಖ ಒಳಗ ಬಿಡತೈತಿ, ಅದರಾಗೂ ಆರು ಇಂಚಿಂದು. ಅಂದ್ರ ಈಗ ಎಲ್ಲಾರೂ ಹಾಕಸಾಕತ್ತಿದ್ದನ ಶಾಖದ ಲೆಕ್ಕದಾಗ ಕೊನೀಗೆ ನಿಲ್ಲತೈತಿ.

ಹಂಗಂತ ಕಣ್ಣು ಮುಚ್ಚಿ ಎಎಸಿ ಅನ್ನಾಕ ನಾ ತಯಾರಿಲ್ಲ. ಬ್ಲಾಕು ಹಗೂರ, ಕೆಲಸ ಲಗು, ಗಾರಿ ಕಡಿಮಿ, ಎಲ್ಲಾ ಖರೆ. ಆದ್ರ ನಮ್ಮ ಎರಿ ಭೂಮಿ ಮಳಿಗಾಲಕ್ಕ ಉಬ್ಬಿ ಬ್ಯಾಸಗಿಗೆ ಬಾಯಿ ಬಿಡತೈತಿ, ಪಾಯಾ ಕೂದಲೆಳಿಯಷ್ಟು ಅಲುಗಿದ್ರೂ ಎಎಸಿ ಗ್ವಾಡಿಯೊಳಗ ಬಿರುಕು ಎದ್ದು ಕಾಣತೈತಿ. ಪ್ಲಿಂತ್ ಬೀಮ್ ಗಟ್ಟಿ ಇರಬೇಕು, ಕಾಲಮ್ ಕೂಡೂ ಕಡೆ ಜಾಳಿ ಬಡದು ಗಿಲಾವ್ ಮಾಡಬೇಕು, ಅಂಟಿಗೆ ಸಾದಾ ಗಾರಿ ಅಲ್ಲ, ಅದರ ಗಮ್ಮನ ಬಳಸಬೇಕು. ಈ ಕೆಲಸ ಮಾಡಿದ ಗೌಂಡಿ ಸಿಕ್ರ ಚಲೋ, ಇಲ್ಲಾಂದ್ರ ನಿಮ್ಮ ಮನೀನ ಅವನ ಸಾಲಿ ಆಗ್ತೈತಿ. ಟಿವಿ, ಗೀಸರ್, ಕಪಾಟು ತೂಗ ಹಾಕಾಕ ಸಾದಾ ಗುಳಿ ನಿಲ್ಲಂಗಿಲ್ಲ, ಬ್ಯಾರೇ ಆ್ಯಂಕರ್ ಬೇಕು. ಸಣ್ಣ ಮನಿಗೆ ಅರ್ಧ ಲಾರಿ ಬ್ಲಾಕ್ ಬೇಕಂದ್ರ ಲಾರಿ ಬಾಡಿಗಿನ ಬ್ಲಾಕಿನ ರೇಟಿಗೆ ಸಮ ಬೀಳೂದೂ ಉಂಟು.

ಬೆಳಗಾವಿ ಕಡಿ ಮಾತು ಬ್ಯಾರೆ. ಊರು ಎತ್ತರದಾಗೈತಿ, ಮಳಿ ವಿಜಯಪುರದ ಎರಡು ಪಟ್ಟು ಹತ್ತಿರ, ಧಗಿ ದಿನಗಳು ಕಡಿಮಿ. ಅಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ದಪ್ಪ ಗ್ವಾಡಿ ಈಗಲೂ ಕಟ್ಟಸ್ತಾರ, ಸುಮ್ಮನ ಅಲ್ಲ. ಎಎಸಿ ನೀರು ಹೀರತೈತಿ, ಬೆಳಗಾವಿ ಮಳಿಗೆ ಹೊರಗಿನ ಗಿಲಾವು, ಬಣ್ಣ ಎರಡೂ ಚಲೋ ಇರಲೇಬೇಕು. ನನ್ನ ಅಭಿಪ್ರಾಯ ಕೇಳಿದ್ರ, ಬಜೆಟ್ ಬಿಗಿ ಇದ್ದೋರು ಪಡುವಣ, ತೆಂಕಣ ಗ್ವಾಡಿ ಅಷ್ಟ ದಪ್ಪ ಇಟ್ಟಂಗಿ ಮಾಡ್ಸಿ, ಉಳಿದ ರೊಕ್ಕ ಸ್ಲ್ಯಾಬಿಗೆ ಹಾಕ್ರಿ. ಎರಡ್ಮೂರು ಮಹಡಿ ಕಟ್ಟಸೋರಿಗೆ ಮಾತ್ರ ಎಎಸಿ ಲೆಕ್ಕ ಕೂಡತೈತಿ, ಯಾಕಂದ್ರ ತೂಕ ಇಳದ್ರ ಕಬ್ಬಿಣ ಉಳೀತೈತಿ, ಮತ್ತ ಮಹಡಿ ಹೆಚ್ಚಾದಂಗ ಸ್ಲ್ಯಾಬಿಗಿಂತ ಗ್ವಾಡಿಯಿಂದನ ಶಾಖ ಹೆಚ್ಚು ಬರತೈತಿ.

ನಾಲ್ಕನೇ ದಾರಿ: ಎಲ್ಲಾ ಬಿಟ್ಟು ಸೋಲಾರ್ ಕರೆಂಟ್

"ಮನಿ ಬಿಸಿ ಆದ್ರ ಆಗಲಿ, ಸೋಲಾರ್ ಹಾಕಿ ಎಸಿ ಹಚ್ಚತೀನಿ" ಅನ್ನೋರು ಈಗ ಭಾಳ ಮಂದಿ. ಪಿಎಂ ಸೂರ್ಯ ಘರ್ ಯೋಜನೆ 2024ರಾಗ ಬಂತು, ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೇದಕ್ಕ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ, ಅದರ ಮ್ಯಾಲ ಎಷ್ಟು ಹಾಕಿದ್ರೂ ಅಷ್ಟ. ಒಂದು ಕಿಲೋವ್ಯಾಟಿಗೆ ನೂರು ಚದರ ಅಡಿ ಮಾಳಗಿ ಬೇಕು, ದಿನಕ್ಕ ನಾಲ್ಕು ಯೂನಿಟ್ ಹಿಡೀರಿ.

ಆದ್ರ ಇಲ್ಲಿ ಗೃಹಜ್ಯೋತಿ ಅಡ್ಡ ಬರತೈತಿ. 2023ರಿಂದ ಬಂದ ಈ ಸ್ಕೀಮಿನ್ಯಾಗ ಹಳೇ ಮೀಟರಿನವರಿಗೆ ಅವರ ಹಿಂದಿನ ಸರಾಸರಿ ಮ್ಯಾಲ ಪುಕ್ಕಟ ಯೂನಿಟ್. ಹೊಸ ಮನಿಗೆ ಹಿಂದಿನ ಲೆಕ್ಕನ ಇಲ್ಲಲ್ಲ, ಅದಕ್ಕ ರಾಜ್ಯದ ಸರಾಸರಿ 53 ಯೂನಿಟ್, ಮ್ಯಾಲ ಹತ್ತು ಪರ್ಸೆಂಟ್ ಅಂತ ಆಗ ಹೇಳಿದ್ರು. 200 ದಾಟಿತಂದ್ರ ಆ ತಿಂಗಳ ಪೂರಾ ಬಿಲ್ಲು ನೀವ ಕಟ್ಟಬೇಕು.

ಈಗ ಎರಡು ಮನಿ ನೋಡ್ರಿ. ಒಂದರಾಗ ಫ್ಯಾನು, ಫ್ರಿಜ್ಜು, ಟಿವಿ, ತಿಂಗಳಿಗೆ 150 ಯೂನಿಟ್. ಪುಕ್ಕಟದ್ದು ಕಳದ್ರ ಕಟ್ಟೂದು ತೊಂಬತ್ತು ಯೂನಿಟ್ಟಿಗೆ, ಯೂನಿಟ್ಟಿಗೆ ಆರು ರೂಪಾಯಿ ಹಿಡದ್ರ ತಿಂಗಳಿಗೆ 540 ರೂಪಾಯಿ. ಎರಡು ಕಿಲೋವ್ಯಾಟ್ ಹಾಕಿಸಿ, ಸಬ್ಸಿಡಿ ಕಳದು ಕೈಯಿಂದ ಅರವತ್ತು ಎಪ್ಪತ್ತು ಸಾವಿರ ಹೋದ್ರ, ಅದು ವಾಪಸ್ ಬರಾಕ ಹತ್ತು ವರ್ಷದ ಹತ್ತಿರ. ಇನ್ನೊಂದು ಮನ್ಯಾಗ ಎಸಿ, ಇಂಡಕ್ಷನ್, ಪಂಪು, 350 ಯೂನಿಟ್. ಇವರಿಗೆ ಪುಕ್ಕಟ ಏನೂ ಇಲ್ಲ, ಎರಡು ಸಾವಿರ ಮ್ಯಾಲ ಬಿಲ್ಲು, ಮೂರು ಕಿಲೋವ್ಯಾಟ್ ಹಾಕಿದ್ರ ನಾಲ್ಕೈದು ವರ್ಷಕ್ಕ ರೊಕ್ಕ ತಿರಗತೈತಿ. ಅದ ಪ್ಯಾನಲ್, ಅದ ಬಿಸಲ, ಆದ್ರ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಬರೇ ಸಮಾಧಾನ.

ಮತ್ತ ಸೋಲಾರ್ ಆಮ್ಯಾಲೂ ಹಾಕಬಹುದು. ಅದಕ್ಕ ಈಗ ಮಾಡಬೇಕಾದ್ದು ಇಷ್ಟ: ಮೀಟರ್ ಬೋರ್ಡಿನಿಂದ ಮಾಳಗಿತನಾ ಒಂದು ಖಾಲಿ ಕಾಂಡ್ಯೂಟ್ ಪೈಪು ಗ್ವಾಡಿಯೊಳಗ ಬಿಡಸ್ರಿ, ನೆಟ್ ಮೀಟರಿಗೆ (ಬಂದ ಕರೆಂಟು, ವಾಪಸ್ ಕೊಟ್ಟ ಕರೆಂಟು ಎರಡೂ ಅಳಿಯೂ ಮೀಟರು) ಜಾಗಾ ಇಡಸ್ರಿ, ನೀರಿನ ಟ್ಯಾಂಕು ಮತ್ತ ಜಿನ್ನಿ ಕೋಣಿ ಬಡಗಣ ಕಡಿ ಬರಲಿ, ಅಂದ್ರ ತೆಂಕಣ ಭಾಗ ನೆರಳಿಲ್ಲದ ಸಿಗತೈತಿ. ಒಂದೆರಡು ಸಾವಿರದ ಕೆಲಸ, ಆಮ್ಯಾಲ ಗ್ವಾಡಿ ಕೊರಿಯೂದು ತಪ್ಪತೈತಿ.

ಹಂಗ ನೋಡಿದ್ರ ಸಣ್ಣ ಬಳಕಿ ಮನಿಯವರಿಗೆ ಪ್ಯಾನಲ್‌ಗಿಂತ ಬಿಎಲ್‌ಡಿಸಿ ಫ್ಯಾನನ ಲಗೂ ರೊಕ್ಕ ತಿರಗಸ್ತಾವ. ಹಳೇ ಫ್ಯಾನ್ 75 ವ್ಯಾಟ್ ಉಂಡ್ರ ಇದು 30ರ ಆಸುಪಾಸು, ದಿನಾ ಹದಿನೈದು ತಾಸು ತಿರಗಿದ್ರ ಒಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ಫರಕ್. 200ರ ಗಡಿ ಮ್ಯಾಲ ನಿಂತೋರಿಗೆ ನಾಲ್ಕು ಫ್ಯಾನ್ ಬದಲಿಸಿದ್ರ ಗಡಿ ಒಳಗ ಬಂದಂಗ.

ಯಾರಿಗೆ ಯಾವದು

ಸೈಟ್ ಸಣ್ಣದು, ರೊಕ್ಕ ಅಷ್ಟಕ್ಕಷ್ಟ, ಒಂದ ಮಹಡಿ, ನೀವ ಇರೋರು ಅಂದ್ರ ಎರಡನೇ ದಾರಿನ. ಎಕ್ಸ್‌ಪಿಎಸ್ ಆಗಲಿಲ್ಲಂದ್ರ ಬಿಳಿ ಟೈಲ್ಸ್, ಅದೂ ಆಗಲಿಲ್ಲಂದ್ರ ಸುಣ್ಣ, ಆದ್ರ ಪಲ್ಲೆದ ಕಿಡಕಿ ಮತ್ತ ಛಜ್ಜಾ ಬಿಡಬ್ಯಾಡ್ರಿ. ಮ್ಯಾಲ ಇನ್ನೊಂದು ಮಹಡಿ ಏರಸೂ ವಿಚಾರ ಎರಡ್ಮೂರು ವರ್ಷದಾಗ ಐತಿ ಅನ್ನೋರು ಈಗಿನ ಸ್ಲ್ಯಾಬಿಗೆ ಎಕ್ಸ್‌ಪಿಎಸ್ ಹಾಕಿಸಿ ರೊಕ್ಕ ಹಾಳ ಮಾಡಬ್ಯಾಡ್ರಿ, ಸುಣ್ಣದಾಗ ಕಾಲ ತಳ್ಳಿ, ಮ್ಯಾಲಿನ ಸ್ಲ್ಯಾಬಿಗೆ ಆ ರೊಕ್ಕ ಇಡ್ರಿ.

ವಯಸ್ಸಾದ ಅಪ್ಪ-ಅವ್ವ ಹಗಲೆಲ್ಲಾ ಮನ್ಯಾಗ ಇರ್ತಾರ ಅಂದ್ರ ಲೆಕ್ಕ ಬಿಲ್ಲಿಂದಲ್ಲ, ಅವರ ಕೋಣಿ ಕೆಳಗ ಮೂಡಣ ಇಲ್ಲಾ ಬಡಗಣಕ್ಕ ಇರಲಿ, ಆ ಕೋಣಿಗಾದ್ರೂ ಎದುರು ಬದುರು ಗಾಳಿ ಇರಲಿ. ಎಸಿ ಬೇಕಬೇಕು ಅನ್ನೋ ಮನಿಯವರು ಸ್ಲ್ಯಾಬು ಮತ್ತ ಸೋಲಾರ್ ಎರಡೂ ಮಾಡಸ್ರಿ, ಆದ್ರ ಅದ ಕ್ರಮದಾಗ. ಸ್ಲ್ಯಾಬ್ ಸರಿ ಆದ ಮ್ಯಾಲ ಒಂದೂವರಿ ಟನ್ ಎಸಿ ಬೇಕಾದಲ್ಲಿ ಒಂದು ಟನ್ನ ಸಾಕಾಗಬಹುದು, ಪ್ಯಾನಲ್ಲೂ ಕಡಿಮಿ ಸಾಕು.

500 ಚದರ ಮೀಟರ್ ದಾಟಿದ ಪ್ಲಾಟಿನವರು, ಬಂಗ್ಲೆ ಕಟ್ಟಸೋರು, ಇಂಜಿನಿಯರ್ ಕಡಿಂದ ಸಂಹಿತಾ ಲೆಕ್ಕ ಈಗನ ಹಾಕಸ್ರಿ, ಅದಕ್ಕ ಬಿಇಇಯವರದ ಪುಕ್ಕಟ ಟೂಲ್ ಐತಿ. ಪ್ಲ್ಯಾನ್ ಕಾಗದದ ಮ್ಯಾಲ ಇದ್ದಾಗ ಕಿಡಕಿ ಸರಿಸಾಕ ರಬ್ಬರ್ ಸಾಕು.

ಬೆಳಗಾವಿಯೊಳಗ ಫ್ಲ್ಯಾಟ್ ತಗೊಳ್ಳೋರ ಕೈಯಾಗ ಇವೇನೂ ಇಲ್ಲ, ಆದ್ರ ಬಿಲ್ಡರಿಗೆ ಕೇಳೂ ಹಕ್ಕು ಐತಿ. ಕೊನೇ ಮಹಡಿ ಆದ್ರ ಛತ್ತಿನ ಮ್ಯಾಲ ಏನು ಹಾಕೀರಿ, ಗ್ವಾಡಿ ಯಾವದು, ಕಾಮನ್ ಏರಿಯಾಕ್ಕ ಸೋಲಾರ್ ಐತೋ ಇಲ್ಲೋ, ನಮ್ಮ ಬಚ್ಚಲಕ್ಕ ಸೋಲಾರ್ ಬಿಸಿ ನೀರು ಯಾವ ಮಹಡಿತನಾ ಬರತೈತಿ, ಕನೆಕ್ಟೆಡ್ ಲೋಡ್ 100 ಕಿಲೋವ್ಯಾಟ್ ದಾಟೇತೇನು ಅಂತ ಬರಹದಾಗ ಕೇಳ್ರಿ. ಫ್ಲ್ಯಾಟ್ ನೋಡಾಕ ಬೆಳಿಗ್ಗೆ ಹತ್ತಕ್ಕ ಕರೀತಾರ, ನೀವು ಮಧ್ಯಾಹ್ನ ನಾಲ್ಕಕ್ಕ ಹೋಗಿ ಪಡುವಣ ಗ್ವಾಡಿಗೆ ಒಳಗಿಂದ ಕೈ ಹಚ್ಚಿ ನೋಡ್ರಿ.